ದೊಡ್ಡಿಯ ಮುಪ್ಪಿನ ಫಂಡು

ಅತ್ತಿಕೊಲ್ಲಿ ಎಸ್ಟೇಟಿನಲ್ಲಿ ಕೂಲಿಯ ಲೆಕ್ಕ ಬರೆಯುವ ರೈಟರ್ ದೇವರಾಜು ಆ ಅಕ್ಟೋಬರ್ ತಿಂಗಳಲ್ಲಿ ಒಂದು ದಿನವೂ ಕೂತು ಊಟ ಮಾಡಿದ್ದನ್ನು ಅವನ ಹೆಂಡತಿ ಕಾಮಾಕ್ಷಮ್ಮ ನೋಡಲಿಲ್ಲ. ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ, ಎರಡು ತುತ್ತು ತಿಂದು ಒಳಗೆ ಬರುತ್ತಿದ್ದ, ಮತ್ತೆ ಹೋಗುತ್ತಿದ್ದ.

"ಯಾರಾದ್ರೂ ಬರೋರಿದಾರಾ?" ಎಂದು ಅವಳು ಕೇಳಿದಳು.

"ಇಲ್ಲ."

"ಮತ್ತೆ ಯಾರನ್ನ ನೋಡ್ತೀರಿ?"

ಅವನು ತಟ್ಟೆಯಲ್ಲಿದ್ದ ಅನ್ನ ಕಲಸುತ್ತ ಮತ್ತೆ ಬಾಗಿಲಿಗೆ ಹೋದ.

ಅದು ೧೯೫೬ನೇ ಇಸವಿ. ನವೆಂಬರ್ ಒಂದಕ್ಕೆ ಕೊಡಗು ರಾಜ್ಯ ಮೈಸೂರಿಗೆ ಸೇರಿ ಒಂದು ಜಿಲ್ಲೆಯಾಗಲಿತ್ತು. ಗಾಳಿಬೀಡಿನ ಮೇಲಿದ್ದ ಅತ್ತಿಕೊಲ್ಲಿ ಎಸ್ಟೇಟನ್ನು ಹಳೆಯ ಬಿಳಿಯ ದೊರೆ ಮಾರಿ ತನ್ನ ಊರಿಗೆ ಹೊರಟಿದ್ದ. ಕೊಂಡುಕೊಂಡ ಕಂಪನಿಯವರು ರಾಜ್ಯ ಬದಲಾಗುವುದರೊಳಗೆ ಪತ್ರ, ಲೆಕ್ಕ, ಬಾಕಿ ಎಲ್ಲವೂ ಮುಗಿಯಬೇಕೆಂದು ಗಡುವು ಹಾಕಿದ್ದರು. ಮುಗಿಸಬೇಕಾದವುಗಳಲ್ಲಿ ಆಳುಗಳ ಸಾಲುಮನೆಗಳ, ಅಂದರೆ ಲೈನಿನ, ಜನ ಮುಪ್ಪಿನ ಫಂಡು ಎಂದು ಕರೆಯುತ್ತಿದ್ದ ಹಣವೂ ಒಂದು. ಹದಿನೆಂಟು ವರ್ಷಗಳ ಹಿಂದೆ ದೊರೆಯೇ ಶುರು ಮಾಡಿದ್ದು. ಕೂಲಿಯಲ್ಲಿ ರೂಪಾಯಿಗೆ ಒಂದಾಣೆ ಹಿಡಿದುಕೊಂಡು, ಅಷ್ಟೇ ಹಣವನ್ನು ಎಸ್ಟೇಟಿನಿಂದ ಸೇರಿಸಿ, ಆಳು ಕೆಲಸ ಬಿಡುವಾಗ ಕೊಡುವುದು. ಈಗ ಫಂಡೇ ಮುಚ್ಚುತ್ತಿದ್ದುದರಿಂದ ಕೆಲಸದಲ್ಲಿದ್ದವರಿಗೂ ಬಿಟ್ಟುಹೋದವರಿಗೂ ಹಂಚಬೇಕಾಗಿತ್ತು. ಪುಸ್ತಕದಲ್ಲಿದ್ದ ಎಲ್ಲರ ಹೆಸರಿನ ಮುಂದೆಯೂ ಹಣ ಪಡೆದ ಹೆಬ್ಬೆಟ್ಟಿನ ಗುರುತು ಬಿದ್ದಿತ್ತು, ಒಂದು ಹೆಸರನ್ನು ಬಿಟ್ಟು. ದೊಡ್ಡಿ, ಎರಡನೇ ನಂಬರು.

"ಆಫೀಸ್ ಬಾಗಿಲಿಗೆ ನೋಟೀಸು ಅಂಟಿಸಿ ಆಯ್ತು. ಪೇಪರಲ್ಲೂ ಹಾಕಿಸಿ ಆಯ್ತು," ಎಂದ ಮ್ಯಾನೇಜರ್ ಬೋಜಪ್ಪ. "ಮೂವತ್ತನೇ ತಾರೀಕಿನ ತನಕ ಬರದಿದ್ರೆ 'ಪತ್ತೆ ಇಲ್ಲ' ಅಂತ ಬರೆದುಬಿಡಿ ರೈಟರೇ. ಹಣ ಹೊಸ ಕಂಪನಿ ಲೆಕ್ಕಕ್ಕೆ ಹೋಗುತ್ತೆ. ರೂಲೇ ಹಾಗಿದೆ."

"ಅವಳಿಗೆ ಓದೋಕೆ ಬರೋದಿಲ್ಲ ಸಾರ್."

"ಓದೋರು ಯಾರಾದ್ರೂ ಹೇಳ್ತಾರೆ. ಇನ್ನೂರ ಹನ್ನೆರಡು ರೂಪಾಯಿಗೆ ನಾವು ಡಂಗುರ ಹೊಡೆಸೋಕಾಗುತ್ತಾ?"

ಬೋಜಪ್ಪ ಕೆಟ್ಟವನಲ್ಲ, ಈ ಎಸ್ಟೇಟಿಗೆ ಬಂದು ಮೂರೇ ವರ್ಷವಾಗಿತ್ತು. ಅವನಿಗೆ ತಿಳಿಯದ ಒಂದು ಸಂಗತಿ ದೇವರಾಜುವಿಗೆ ತಿಳಿದಿತ್ತು. ೧೯೫೧ರ ಜನವರಿಯಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ ಸಿಕ್ಕಿ ದೊಡ್ಡಿಯ ಎಡಗೈ ಜಜ್ಜಿಹೋಯಿತು. ಆಸ್ಪತ್ರೆಗೆಂದು ಎಸ್ಟೇಟಿನಿಂದ ಮೂವತ್ತು ರೂಪಾಯಿ ಮುಂಗಡ ತೆಗೆದುಕೊಂಡಳು. ಕೈ ಗುಣವಾದ ಮೇಲೂ ಅದರಲ್ಲಿ ಹಿಡಿತ ಉಳಿಯಲಿಲ್ಲ, ಹಣ್ಣು ಕೀಳುವ ಪಿಕಿಂಗಿಗೆ ಅವಳು ಪ್ರಯೋಜನಕ್ಕೆ ಬರಲಿಲ್ಲ. ಜೂನಿನಲ್ಲಿ ಕೆಲಸ ಬಿಡುತ್ತೇನೆ, ನನ್ನ ಫಂಡು ಕೊಡಿ ಎಂದು ಆಫೀಸಿನ ಕಿಟಕಿಗೆ ಬಂದಳು. "ಸೋಮವಾರ ಬಾ," ಎಂದು ದೇವರಾಜು ಹೇಳಿದ. ಸೋಮವಾರ ಬಂದಳು. ಮುಂದಿನ ಸೋಮವಾರ ಬಾ ಎಂದ. ಆಗಲೂ ಬಂದಳು. ಅವತ್ತೂ ಅವನು ಪುಸ್ತಕ ತೆಗೆಯಲಿಲ್ಲ. ಮಾರನೆಯ ದಿನ ಲೈನಿನಲ್ಲಿ ಅವಳ ಮನೆಯ ಬಾಗಿಲು ತೆರೆದಿತ್ತು. ಒಳಗೆ ಒಲೆಯ ಕಲ್ಲುಗಳನ್ನು ಬಿಟ್ಟು ಏನೂ ಇರಲಿಲ್ಲ. ಮಗಳು ಮುತ್ತಿಯೂ ಇರಲಿಲ್ಲ.

ಐದು ವರ್ಷ ಇದು ಅವನಿಗೆ ನೆನಪಾಗಿರಲಿಲ್ಲ. ಈಗ ಪುಸ್ತಕದಲ್ಲಿ ಆ ಒಂದು ಸಾಲು ಖಾಲಿ ಉಳಿದಾಗ ಕಿಟಕಿಯ ಆಚೆ ನಿಂತ ಮುಖ ನೆನಪಾಯಿತು. ಆಮೇಲೆ ಅದು ಹೋಗಲೇ ಇಲ್ಲ.

ಅವನು ಲೈನಿಗೆ ಹೋಗಿ ಕೇಳಿದ. ದೊಡ್ಡಿಯ ಪಕ್ಕದ ಮನೆಯಲ್ಲಿದ್ದವಳು ಸುಬ್ಬಿ. "ದೊಡ್ಡಿಯಾ? ಸತ್ತೋದ್ಲು ಅಂತ ಕೇಳಿದ್ದೆ," ಎಂದು ಹೇಳಿ ಅವಳು ಸೌದೆ ಒಡೆಯತೊಡಗಿದಳು. ಇನ್ನೊಬ್ಬ ವಯನಾಡಿಗೆ ಹೋದಳು ಎಂದ. ಮತ್ತೊಬ್ಬಳು ಮೈಸೂರಿನಲ್ಲಿ ಮಗಳನ್ನು ಕೊಟ್ಟಿದ್ದಾಳೆ, ಅಲ್ಲೇ ಇದ್ದಾಳೆ ಎಂದಳು. ಕೇಳಿದ ಪ್ರತಿ ಮನೆಯಲ್ಲೂ ಒಂದೊಂದು ಊರು ಸಿಕ್ಕಿತು. ಒಬ್ಬರೂ ಅವನ ಮುಖ ನೋಡಿ ಹೇಳಲಿಲ್ಲ. ಕೊನೆಗೆ ಮುದುಕನೊಬ್ಬ ಮುತ್ತಿಯನ್ನು ವಿರಾಜಪೇಟೆಯ ಕಾಫಿ ಗೋಡೌನಿನಲ್ಲಿ ಕಂಡಿದ್ದೆ ಎಂದು ಬಾಯಿ ಜಾರಿ ಹೇಳಿದ, ಹೇಳಿದವನೇ ನಾಲಿಗೆ ಕಚ್ಚಿಕೊಂಡ.

ಅದನ್ನು ದೇವರಾಜು ಮನೆಯಲ್ಲಿ ಹೇಳಿದಾಗ ಕಾಮಾಕ್ಷಮ್ಮ, "ಹೋಗಿ ಬನ್ನಿ," ಎಂದಳು. "ಮನೇಲಿ ಹಿಂಗೆ ತಿರುಗೋದಕ್ಕಿಂತ ಬೀದೀಲಿ ತಿರುಗಿದ್ರೆ ವಾಸಿ."

ಹದಿನಾಲ್ಕನೇ ತಾರೀಖು ಭಾನುವಾರ. ಕಾವೇರಿ ಸಂಕ್ರಮಣಕ್ಕೆ ಮೂರೇ ದಿನ ಇದ್ದುದರಿಂದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಡಿಕೇರಿಯಿಂದ ವಿರಾಜಪೇಟೆಯವರೆಗೆ ನಿಂತೇ ಹೋದ. ಗೋಡೌನಿಗೆ ರಜೆಯಿರಲಿಲ್ಲ. ಹತ್ತು ಹನ್ನೆರಡು ಹೆಂಗಸರು ಅಂಗಳದಲ್ಲಿ ಕೂತು ಮೊರದಲ್ಲಿ ಕಾಳುಮೆಣಸು ಕೇರುತ್ತ ಜೋರಾಗಿ ಮಾತಾಡುತ್ತಿದ್ದರು. ಕೋಟು ಹಾಕಿದ ಗಂಡಸು ಒಳಗೆ ಬಂದದ್ದೇ ಮಾತು ನಿಂತಿತು.

"ಮುತ್ತಿ ಅಂತ ಯಾರಾದ್ರೂ ಇದಾರಾ? ಅತ್ತಿಕೊಲ್ಲಿಯವಳು. ತಾಯಿ ಹೆಸರು ದೊಡ್ಡಿ."

ಮೂಲೆಯಲ್ಲಿದ್ದ, ಮೂಗುಬೊಟ್ಟಿನ, ಮೂವತ್ತರ ಆಸುಪಾಸಿನ ಒಬ್ಬಳು ಮೊರದಿಂದ ತಲೆಯೆತ್ತಿದಳು.

"ಇದ್ಲು. ಹೋದ ತಿಂಗ್ಳು ಬಿಟ್ಟೋದ್ಲು."

"ಎಲ್ಲಿಗೆ?"

"ನಮಗೇನ್ ಹೇಳಿ ಹೋಗ್ತಾಳಾ? ವಯನಾಡಿಗೆ ಬಸ್ ಹತ್ತಿದ್ಲು."

"ಅವಳ ತಾಯಿ?"

"ತಾಯಿ ಇಲ್ಲ ಅವಳಿಗೆ," ಎಂದಳು ಆ ಹೆಂಗಸು. ಮೊರವನ್ನು ಜೋರಾಗಿ ಕೊಡವಿದಾಗ ದೂಳು ಅವನ ಮುಖಕ್ಕೆ ಬಂತು.

ಹೊರಗೆ ಬಂದು ವಯನಾಡಿನ ಬಸ್ಸುಗಳು ನಿಲ್ಲುವ ಕಡೆ ಹೋದ. ಇಬ್ಬರು ಕಂಡಕ್ಟರುಗಳನ್ನು ಕೇಳಿದ. ಇಬ್ಬರೂ ಮಲಯಾಳದಲ್ಲಿ ನಕ್ಕು ಮಾತಾಡಿಕೊಂಡರು. ಹೋದ ತಿಂಗಳು ಬಸ್ಸು ಹತ್ತಿದ ಒಬ್ಬ ಹೆಂಗಸನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆದರೂ ಅವನಿಗೆ ಅಲ್ಲಿಂದ ಹೊರಡಲು ಆಗಲಿಲ್ಲ. ಪೇಟೆಯನ್ನು ಎರಡು ಸುತ್ತು ಬಂದ. ಕೊನೆಯ ಬಸ್ಸು ಹೊರಡುವಾಗ ಓಡಿಬಂದು ಹತ್ತಿದ.

ಸಂಕ್ರಮಣದ ರಜೆ ಕಳೆಯಿತು. ಕಂಪನಿಯ ಲೆಕ್ಕಿಗ ಬಂದು ಆಫೀಸಿನಲ್ಲಿ ಕೂತು ಒಂದೊಂದೇ ಪುಸ್ತಕವನ್ನು ತಿರುವಿ ನೋಡತೊಡಗಿದ. ದೇವರಾಜು ಕೂಡಿದ್ದನ್ನೇ ಮತ್ತೆ ಕೂಡುತ್ತಿದ್ದ. ದಿನಕ್ಕೆ ಎರಡು ಸಲ ಲೈನಿಗೆ ಇಳಿಯುತ್ತಿದ್ದ. ಇಪ್ಪತ್ತನೇ ತಾರೀಖು ಶನಿವಾರ ಸಂಜೆ ಸುಬ್ಬಿ ನೀರಿನ ಕೊಡ ಇಳಿಸಿ, ದಾರಿಗೆ ಅಡ್ಡ ನಿಂತಳು.

"ಎಷ್ಟು ಅಂತ ಹಿಂಡ್ತೀರಿ ರೈಟ್ರೇ ಅವಳನ್ನ? ಕೈ ಕಳ್ಕಂಡೋಳು. ಮೂವತ್ ರೂಪಾಯಿ ಮುಂಗಡಕ್ಕೆ ಐದೊರ್ಸ ಆದ್ರೂ ಬಿಡಾಕಿಲ್ವಲ್ಲ!"

ದೇವರಾಜುವಿಗೆ ಆ ಮಾತು ಹೊಳೆಯಲು ಒಂದು ಕ್ಷಣ ಬೇಕಾಯಿತು. ಮುಂಗಡ ತೆಗೆದುಕೊಂಡು ಹೇಳದೆ ಹೋದ ಆಳುಗಳನ್ನು ಮೇಸ್ತ್ರಿಗಳು ಊರೂರು ಅಲೆದು ಹಿಡಿದು ತರುತ್ತಿದ್ದ ಕಾಲವನ್ನು ಲೈನಿನ ಎಲ್ಲರೂ ಕಂಡಿದ್ದರು. ಅವನು ಕೇಳಿದಷ್ಟೂ ಜನ ಅವಳನ್ನು ಬಚ್ಚಿಡುತ್ತಿದ್ದರು.

"ಮುಂಗಡಕ್ಕಲ್ಲ ಸುಬ್ಬಿ. ಅವಳ ಫಂಡು ಕೊಡೋಕೆ. ನಿಂಗೆ ಹೋದ ವಾರ ಕೊಟ್ಟೆನಲ್ಲ, ಅದೇ ಫಂಡು."

"ನಂಗೆ ಕೊಟ್ರಿ, ಸರಿ. ಅವಳು ಕೇಳ್ಕೊಂಡು ಬಂದಾಗ ಯಾಕ್ ಕೊಡ್ಲಿಲ್ಲ?"

ದೇವರಾಜು ಅವಳು ಇಳಿಸಿದ ಕೊಡದ ಕಡೆ ನೋಡಿದ.

"ನಂಗೊತ್ತು," ಎಂದಳು ಸುಬ್ಬಿ. "ಮೂರ್ ಸಲ ಬಂದಿದ್ಲು. ನಾನೇ ಒಂದ್ಸಲ ಜೊತೇಲಿ ಬಂದಿದ್ದೆ."

"ತಪ್ಪಾಯ್ತು," ಎಂದ ದೇವರಾಜು.

ರೈಟರು ಲೈನಿನವರೊಡನೆ ಆಡುವ ಮಾತಲ್ಲ ಅದು. ಸುಬ್ಬಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಕೊಡ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

"ನಾಡಿದ್ದು ಸೋಮವಾರಪೇಟೆ ಸಂತೆ. ನಂಗೆ ರಜೆ ಬರ್ಕೊಳ್ಳಿ, ಬಸ್ಸಿನ್ ದುಡ್ಡೂ ನಿಮ್ದೇ. ನೀವು ದೂರ ನಿಂತಿರ್ಬೇಕು. ನಾನು ಕರೆಯೋಗಂಟ ಹತ್ರ ಬರ್ಬಾರ್ದು."

ಸೋಮವಾರಪೇಟೆಯ ಸಂತೆಯಲ್ಲಿ ಸುಬ್ಬಿ ಹೇಳಿದ ಹಾಗೆ ಅವನು ಬಟ್ಟೆಯಂಗಡಿಯ ಚಪ್ಪರದ ಕೆಳಗೆ ನಿಂತ. ಏಲಕ್ಕಿ ಕೊಯ್ಲಿನ ಕಾಲ, ತೋಟದ ಜನ ತುಂಬಿದ್ದರು. ಸುಬ್ಬಿ ಒಣಮೀನಿನ ಸಾಲಿನಲ್ಲಿ ಮರೆಯಾದಳು. ನಿಂತಲ್ಲಿ ನಿಲ್ಲಲಾಗದೆ ಅವನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಎರಡು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಮುಂದೆ ಹೋದ. ಆಗ ದೊಡ್ಡಿ ಕಂಡಳು. ತಲೆ ಪೂರ್ತಿ ನರೆತಿತ್ತು. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸುಬ್ಬಿಯ ಎದುರು ಕೂತಿದ್ದಳು. ತಲೆಯೆತ್ತಿದವಳು ಅವನನ್ನು ನೋಡಿಬಿಟ್ಟಳು.

ಮರುಕ್ಷಣ ಅವಳು ಎದ್ದಿದ್ದಳು. ಬುಟ್ಟಿಯನ್ನು ಅಲ್ಲೇ ಬಿಟ್ಟು ಜನರ ನಡುವೆ ಸರಸರನೆ ನಡೆದಳು. "ದೊಡ್ಡೀ, ನಿಲ್ಲು!" ಎಂದು ಕೂಗಿ ದೇವರಾಜು ಹಿಂದೆ ಓಡಿದ. ಆ ಕೂಗಿಗೆ ಅವಳೂ ಓಡಿದಳು. ಬೆಲ್ಲದ ಅಂಗಡಿಯ ಹತ್ತಿರ ಇಬ್ಬರು ಗಂಡಸರು ಅವನ ಕೋಟು ಹಿಡಿದರು.

"ಏನ್ರೀ ಅದು, ಮುದುಕಿ ಹಿಂದೆ ಬೆನ್ನಟ್ಟೋದು? ಯಾವೂರು ನಿಂದು?"

ಅವನು ಏನೋ ಹೇಳಲು ಹೋದ. ಉಸಿರು ಕಟ್ಟಿತ್ತು. ಅಲ್ಲೇ ಕೆಸರಿನ ಪಕ್ಕ ಕೂತುಬಿಟ್ಟ. ಸುಬ್ಬಿ ಬಂದು ಅವರಿಗೆ ಏನು ಹೇಳಿದಳೋ, ಕೋಟು ಬಿಟ್ಟು ಹೋದರು. "ಹತ್ರ ಬರ್ಬೇಡಿ ಅಂದಿರ್ಲಿಲ್ವಾ?" ಎಂದು ಅವನಿಗೂ ಬೈದು ಅವಳು ಜನರ ನಡುವೆ ಹೋದಳು.

ಬಹಳ ಹೊತ್ತಿನ ಮೇಲೆ ದೊಡ್ಡಿ ತಾನಾಗಿಯೇ ಬಂದಳು. ಹತ್ತಿರ ಬರಲಿಲ್ಲ. ನಾಲ್ಕು ಮಾರು ದೂರದಲ್ಲಿ ನಿಂತು ಸೊಂಟದ ಗಂಟು ಬಿಚ್ಚಿದಳು.

"ಮೂವತ್ ರೂಪಾಯಿ ಐತೆ. ಯಾವತ್ತಾದ್ರೂ ಬಂದೇ ಬತ್ತೀರಿ ಅಂತ ಇಟ್ಕಂಡಿದ್ದೆ. ತಗಂಡು ನಮ್ಮನ್ನ ಬಿಟ್ಬಿಡಿ. ಮುತ್ತಿ ತಂಟೆಗೆ ಹೋಗಬ್ಯಾಡಿ."

ಮಡಿಸಿ ಮಡಿಸಿ ಬಟ್ಟೆಯ ಹಾಗೆ ಮೆತ್ತಗಾದ ನೋಟುಗಳು. ಒಂದೇ ಕೈಯಲ್ಲಿ ಅವನ್ನು ಚಾಚಿದ್ದಳು.

"ನಾನು ತಗೊಳ್ಳೋಕೆ ಬಂದಿಲ್ಲ," ಎಂದ ದೇವರಾಜು. ಕೂತಲ್ಲಿಂದ ಏಳಲಿಲ್ಲ. ಎದ್ದರೆ ಮತ್ತೆ ಓಡುತ್ತಾಳೆಂದು ಅವನಿಗೆ ಭಯ. "ನಿನ್ನ ದುಡ್ಡೇ ನಮ್ಮ ಹತ್ರ ಇದೆ. ಫಂಡು. ಈ ತಿಂಗಳು ಮೂವತ್ತರೊಳಗೆ ಬಂದರೆ ಕೊಡ್ತಾರೆ, ಆಮೇಲೆ ಇಲ್ಲ."

ದೊಡ್ಡಿ ಸುಬ್ಬಿಯ ಕಡೆ ನೋಡಿದಳು. ಸುಬ್ಬಿ ತಲೆಯಾಡಿಸಿದಳು.

"ಸೋಮವಾರ ಬರ್ಲಾ?" ಎಂದು ದೊಡ್ಡಿ ಕೇಳಿದಳು. ಅದರಲ್ಲಿ ಕುಹಕವಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

"ಯಾವತ್ತಾದ್ರೂ ಬಾ. ನಾಳೇನೇ ಬಾ."

"ನಾಳೆ ಆಗಾಕಿಲ್ಲ. ಏಲಕ್ಕಿ ಕೊಯ್ಲು ಐತೆ. ಮುತ್ತೀನೂ ಕರ್ಕಂಡು ಬರ್ಬೇಕು."

ಆ ವಾರ ಅವನು ಹೇಗೆ ಕಳೆದನೆಂದು ಅವನಿಗೇ ಗೊತ್ತಿಲ್ಲ. ಇಪ್ಪತ್ತೊಂಬತ್ತು, ಸೋಮವಾರ, ಬೆಳಗಿನಿಂದಲೇ ಗೇಟಿನ ತನಕ ಹೋಗಿ ಬರುತ್ತಿದ್ದ. ಹನ್ನೊಂದು ಗಂಟೆಗೆ ಇಬ್ಬರು ಹೆಂಗಸರು ಏರು ಹತ್ತಿ ಬಂದರು. ದೊಡ್ಡಿಯ ಪಕ್ಕದಲ್ಲಿ ಮೂಗುಬೊಟ್ಟಿನ ಆ ಹೆಂಗಸು, ವಿರಾಜಪೇಟೆಯ ಗೋಡೌನಿನಲ್ಲಿ ಅವನ ಮುಖಕ್ಕೆ ದೂಳು ಕೊಡವಿದವಳು. ಅವಳೇ ಮುತ್ತಿ. ಲೈನಿನಲ್ಲಿ ವರ್ಷಗಟ್ಟಲೆ ಇದ್ದರೂ ಅವಳ ಮುಖವನ್ನು ಅವನು ಗುರುತಿಟ್ಟುಕೊಂಡಿರಲಿಲ್ಲ. ಅವನನ್ನು ನೋಡಿ ಅವಳು ನಗಲೂ ಇಲ್ಲ, ತಲೆ ತಗ್ಗಿಸಲೂ ಇಲ್ಲ.

ಬೋಜಪ್ಪ ಪುಸ್ತಕ ತೆಗೆದ. ಕಂಪನಿಯ ಲೆಕ್ಕಿಗ ಪಕ್ಕಕ್ಕೆ ಬಂದು ಕೂತ. ದೊಡ್ಡಿಯ ಹೆಸರಿನ ಕೆಳಗೆ, ಹದಿನೆಂಟು ವರ್ಷ ಹಿಂದೆ ಫಂಡಿಗೆ ಸೇರುವಾಗ ಒತ್ತಿದ ಹೆಬ್ಬೆಟ್ಟಿನ ಗುರುತಿತ್ತು. ಎಡಗೈಯದು.

"ಕೈ ಕೊಡಮ್ಮ."

ದೊಡ್ಡಿ ಸೆರಗು ಸರಿಸಿ ಕೈಯನ್ನು ಮೇಜಿನ ಮೇಲಿಟ್ಟಳು. ಹೆಬ್ಬೆರಳು ಇರಲಿಲ್ಲ.

ಲೆಕ್ಕಿಗ ಕನ್ನಡಕ ತೆಗೆದು ಒರೆಸಿಕೊಂಡ. "ಪುಸ್ತಕದಲ್ಲಿ ಮೂವರು ದೊಡ್ಡಿಯರಿದ್ದಾರೆ," ಎಂದ. "ಇವಳೇ ಎರಡನೇ ನಂಬರಿನವಳು ಅನ್ನೋದಕ್ಕೆ ಏನು ಸಾಕ್ಷಿ? ಲೈನಿನವರ ಮಾತು ಬೇಡ. ಒಬ್ಬರಿಗೊಬ್ಬರು ಹೇಳಿಕೊಡ್ತಾರೆ."

"ಸಾಕ್ಷಿ ನಾನಿದೀನಿ," ಎಂದ ದೇವರಾಜು.

"ಬರೆದು ಕೊಡ್ತೀರಾ? ಹೇಗೆ ಗೊತ್ತು, ಕಡೇ ಸಲ ಯಾವಾಗ ನೋಡಿದ್ರಿ, ಎಲ್ಲಾ ಬರೀಬೇಕು."

ಬೋಜಪ್ಪ ದೇವರಾಜುವನ್ನು ವರಾಂಡಕ್ಕೆ ಕರೆದ. "ಕಡೇ ಸಲ ಯಾವಾಗ ನೋಡಿದ್ದು?"

ದೇವರಾಜು ಹೇಳಿದ. ಮೂರು ಸಲವನ್ನೂ ಹೇಳಿದ.

ಬೋಜಪ್ಪ ಆಫೀಸಿನ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. "ಅದನ್ನ ಬರೆದರೆ ಕಂಪನಿಯವರು ನಿಮ್ಮನ್ನ ಇಟ್ಟುಕೊಳ್ಳೋದಿಲ್ಲ. ಮೊದಲೇ ಆಳು ಕಡಿಮೆ ಮಾಡಬೇಕು ಅಂತ ಕೂತಿದಾರೆ. ಲೈನಲ್ಲಿ ನೋಡಿದ್ದೆ, ಗುರುತಿದೆ ಅಂತ ಮಾತ್ರ ಬರೀರಿ. ಸಾಕು."

"ಬಂದು ಕೇಳಿದ್ದಕ್ಕೆ ನಾನೊಬ್ಬನೇ ಸಾಕ್ಷಿ ಸಾರ್. ಹೆಬ್ಬೆರಳು ಹೋದ ಮೇಲೆ ಅವಳು ಎರಡನೇ ನಂಬರು ಅಂತ ಹೇಳಿ ಕೇಳಿದ್ದು ನನ್ನ ಹತ್ರಾನೇ. ಅದು ಬಿಟ್ಟರೆ ಬೇರೆ ಏನು ಬರೀಲಿ?"

"ಮನೇಲಿ ಕೇಳಿದೀರಾ?"

ಕೇಳಿರಲಿಲ್ಲ. ಕಾಮಾಕ್ಷಮ್ಮನಿಗೆ ಅವನು ಯಾರನ್ನು ಹುಡುಕುತ್ತಿದ್ದಾನೆಂದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಎಸ್ಟೇಟಿನ ಮನೆ, ತಿಂಗಳ ಅಕ್ಕಿ, ಹನ್ನೊಂದು ವರ್ಷದ ಕೆಲಸ, ಎಲ್ಲ ಒಟ್ಟಿಗೆ ತಲೆಯಲ್ಲಿ ಸುಳಿಯಿತು. ಅವನು ಒಳಗೆ ಬಂದು ಕೂತು ಕಾಗದ ತೆಗೆದುಕೊಂಡ.

೧೯೫೧ರ ಜೂನಿನಲ್ಲಿ ಈ ದೊಡ್ಡಿ ಎಂಬ ಹೆಂಗಸು, ಎಡಗೈ ಹೆಬ್ಬೆರಳು ಹೋದವಳು, ಮೂರು ಸಲ ನನ್ನ ಕಿಟಕಿಗೆ ಬಂದು ಎರಡನೇ ನಂಬರಿನ ಫಂಡು ಕೇಳಿದಳು ಎಂದು ಬರೆದ. ನಾನು ಕೊಡಲಿಲ್ಲ ಎಂದು ಬರೆದ.

"ಕಾರಣ?" ಎಂದು ಲೆಕ್ಕಿಗ ಕೇಳಿದ.

ದೇವರಾಜು ಪೆನ್ನು ಹಿಡಿದು ಕೂತ. ದೊರೆ ಊರಲ್ಲಿ ಇರಲಿಲ್ಲವೇ? ಇದ್ದರು. ಪುಸ್ತಕ ಸಿಕ್ಕಿರಲಿಲ್ಲವೇ? ಮೇಜಿನ ಮೇಲೇ ಇತ್ತು. ಮೊದಲ ದಿನ ಕಾಫಿ ಕುಡಿಯಲು ಮನೆಗೆ ಹೊರಟಿದ್ದ. ಎರಡನೆಯ ದಿನ ತಲೆನೋವು ಇತ್ತೇನೋ. ಮೂರನೆಯ ದಿನ ಏನಿತ್ತು? ಎಷ್ಟು ನೆನೆದರೂ ಏನೂ ಸಿಗಲಿಲ್ಲ. ಅವಳನ್ನು ಕಂಡು ಕೋಪವೂ ಇರಲಿಲ್ಲ. ನಾಳೆಯೂ ಇರುತ್ತಾಳೆ, ಕಾಯುತ್ತಾಳೆ ಎಂದುಕೊಂಡಿದ್ದ, ಅಷ್ಟೇ.

'ಕಾರಣವಿರಲಿಲ್ಲ' ಎಂದು ಬರೆದು ಸಹಿ ಹಾಕಿದ.

"ಏನ್ ಬರ್ದ್ರಿ? ಓದಿ," ಎಂದಳು ದೊಡ್ಡಿ.

ಅವನು ಓದಿದ. ದೊಡ್ಡಿ ಕೊನೆಯವರೆಗೂ ಕೇಳಿದಳು.

"ಮೂರ್ನೇ ಸಲ ಮಳೆ ಹುಯ್ತಿತ್ತು," ಎಂದಳು. "ಮುತ್ತಿ ಕೂಸು ಕಂಕುಳಲ್ಲಿತ್ತು. ಅದಕ್ಕೆ ಜ್ವರ. ನೆನ್ಕಂಡೇ ಹೋದೋ. ಕುಶಾಲನಗರ ದಾಟೋವಷ್ಟ್ರಲ್ಲಿ ಕೂಸು ಹೋಯ್ತು."

ಮುತ್ತಿ ಗೋಡೆಯ ಕಡೆ ತಿರುಗಿದಳು. ದೇವರಾಜುವಿಗೆ ಕೂಸಿನ ನೆನಪು ಇರಲಿಲ್ಲ. ಕಿಟಕಿಯಿಂದ ಕಾಣಿಸದ ಕಡೆ ಇತ್ತೋ, ಅವನೇ ನೋಡಲಿಲ್ಲವೋ. ಅದನ್ನೂ ಬರೆಯಲೇ ಎಂಬಂತೆ ಪೆನ್ನು ಎತ್ತಿದ. ಆ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. ಬೋಜಪ್ಪ ಕಾಗದವನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು ಲೆಕ್ಕಿಗನಿಗೆ ಕೊಟ್ಟ.

ಹಣ ಕೊಡುವಾಗ ಲೆಕ್ಕಿಗ ಮುಂಗಡದ ಮೂವತ್ತನ್ನು ಮುರಿದುಕೊಂಡ. ದೊಡ್ಡಿ ವಾದ ಮಾಡಲಿಲ್ಲ. ಬಲಗೈ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ ಗುರುತು ಹಾಕಿದಳು. ಹಣವನ್ನು ಮುತ್ತಿ ಎಣಿಸಿ ತಾಯಿಯ ಮಡಿಲಿಗೆ ಕಟ್ಟಿದಳು. ಇಬ್ಬರೂ ಯಾರಿಗೂ ಹೇಳದೆ ಇಳಿಜಾರು ಇಳಿದು ಹೋದರು.

ಅವತ್ತು ಸಂಜೆ ದೇವರಾಜು ಹೆಂಡತಿಗೆ ಎಲ್ಲವನ್ನೂ ಹೇಳಿದ. ಕೆಲಸದ ವಿಷಯಕ್ಕೆ ಅವಳು ರೇಗುತ್ತಾಳೆ ಎಂದುಕೊಂಡಿದ್ದ. ಕಾಮಾಕ್ಷಮ್ಮ ಕೂಸಿನ ವಿಷಯಕ್ಕೆ ಬಂದಾಗ ಕೈಲಿದ್ದ ಪಾತ್ರೆ ಕೆಳಗಿಟ್ಟಳು. "ಎಷ್ಟು ತಿಂಗಳ ಕೂಸು?" ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ.

ಬೋಜಪ್ಪ ಹೇಳಿದಂತೆಯೇ ಆಯಿತು. ಡಿಸೆಂಬರಿನಲ್ಲಿ ಕಂಪನಿಯಿಂದ ಕಾಗದ ಬಂತು, ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು. ಕುಶಾಲನಗರದ ಹತ್ತಿರ ಅವನ ಅಣ್ಣ ಸಣ್ಣಸ್ವಾಮಿ ಭತ್ತ ಬೆಳೆಯುತ್ತಿದ್ದ. ಅರಕಲಗೂಡಿನಿಂದ ಬಂದು ನೆಲೆಸಿದ ಕುಟುಂಬ. ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನ ಕೆಲಸ ನೋಡಿಟ್ಟಿದ್ದೇನೆ, ಸಂಬಳ ಕಡಿಮೆ, ಬಾ ಎಂದು ಬರೆದಿದ್ದ.

ಸಾಮಾನು ಲಾರಿಗೆ ಏರಿಸುವ ದಿನ ಸುಬ್ಬಿ ಬಂದಳು. ಹಿಂದಿನ ವಾರ ಸಂತೆಗೆ ಹೋಗಿದ್ದಳಂತೆ. ದೊಡ್ಡಿ ಹಾಲು ಕೊಡುವ ಎರಡು ಎಮ್ಮೆ ಕೊಂಡಿದ್ದಾಳೆ, ಮುತ್ತಿಯೂ ವಿರಾಜಪೇಟೆ ಬಿಟ್ಟು ತಾಯಿಯ ಜೊತೆಗೇ ಇದ್ದಾಳೆ, ಹೋಟೆಲಿಗೆ ಹಾಲು ಹಾಕುತ್ತಾರೆ ಎಂದು ಹೇಳಿದಳು.

"ನನ್ನ ವಿಷಯ ಏನಾದ್ರೂ ಕೇಳಿದ್ಲಾ?" ಎಂದ ದೇವರಾಜು.

ಸುಬ್ಬಿ ಯೋಚಿಸಿದಳು. ಸುಳ್ಳು ಹೇಳಿ ಸಮಾಧಾನ ಮಾಡಬೇಕೆಂದು ಅವಳಿಗೆ ಅನ್ನಿಸಿದಂತಿರಲಿಲ್ಲ.

"ಇಲ್ಲ ರೈಟ್ರೇ. ನಿಮ್ ಸುದ್ದಿ ಬರ್ಲಿಲ್ಲ. ಎಮ್ಮೆ ಸುದ್ದೀನೇ ಆಯ್ತು."

ಲಾರಿಯವನು ಹಾರನ್ ಒತ್ತಿದ. ಕಾಮಾಕ್ಷಮ್ಮ ಮುಂದೆ ಹತ್ತಿ ಕೂತು, ಬನ್ನಿ ಎಂದು ಕೈ ಬೀಸಿದಳು. ದೇವರಾಜು ಹಿಂದೆ ಸಾಮಾನಿನ ನಡುವೆ ನಿಂತ. ಕೂರಲು ಗೋಣಿಚೀಲದ ಮೇಲೆ ಜಾಗವಿತ್ತು. ಗಾಳಿಬೀಡು ಇಳಿದು, ಮಡಿಕೇರಿ ದಾಟಿ, ಕುಶಾಲನಗರ ಬರುವ ತನಕವೂ ಅವನು ಕೂರಲಿಲ್ಲ.